ಟ್ರೇಲರ್ ಕಟ್ಟಿಕೊಂಡು ಹೊರಡೋ ಮುಂಚೆ ತೂಕದ ಲೆಕ್ಕ ಹಾಕಿ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ)

 

ಈ ವಾರದ ವಿಷಯ ಬಂದಿದ್ದು ಅಮೆರಿಕದ ಡಲ್ಲಾಸ್‌ನಲ್ಲಿರೋ ಕೇಳುಗರೊಬ್ಬರ ವಾಯ್ಸ್ ನೋಟ್‌ನಿಂದ. ಹಾಸನದಿಂದ ಅವರ ಅಪ್ಪ ಅಮ್ಮ ಬೇಸಿಗೆಗೆ ಬರ್ತಿದ್ದಾರೆ. ಗಂಡ, ಹೆಂಡತಿ, ಒಂದು ಮಗು, ಅಪ್ಪ ಅಮ್ಮ, ಒಟ್ಟು ಐದು ಜನ. ಟ್ರಾವೆಲ್ ಟ್ರೇಲರ್ ಬಾಡಿಗೆಗೆ ತಗೊಂಡು, ಸ್ವಂತ ಎಸ್‌ಯುವಿಗೆ ಕಟ್ಟಿ, ಯೆಲ್ಲೋಸ್ಟೋನ್‌ಗೆ ಹೋಗೋ ಪ್ಲಾನ್. ಪ್ರಶ್ನೆ ಎರಡು. 'ನನ್ನ ಗಾಡಿ 5,000 ಪೌಂಡ್ ಎಳೆಯುತ್ತೆ ಅಂತ ಬರೆದಿದೆ, ಸಾಕಾ?' ಇನ್ನೊಂದು, 'ಅಪ್ಪನಿಗೆ ಮಂಡಿ ನೋವು, ದಾರಿಯಲ್ಲಿ ಟ್ರೇಲರ್ ಒಳಗೇ ಮಲಗಿಸಬಹುದಾ?'

ಗೊತ್ತಿಲ್ಲದವರಿಗೆ ಒಂದು ಮಾತು. ಟ್ರಾವೆಲ್ ಟ್ರೇಲರ್ ಅಂದ್ರೆ ಚಕ್ರದ ಮೇಲಿರೋ ಸಣ್ಣ ಮನೆ. ಹಾಸಿಗೆ, ಒಲೆ, ಫ್ರಿಜ್, ಶೌಚಾಲಯ ಎಲ್ಲ ಇರುತ್ತೆ, ಎಂಜಿನ್ ಮಾತ್ರ ಇರಲ್ಲ. ಎಳೆಯೋದು ನಮ್ಮ ಗಾಡಿ.

ಎರಡನೇ ಪ್ರಶ್ನೆಗೆ ಮೊದಲು ಉತ್ತರ ಕೊಡ್ತೀನಿ: ಬೇಡ. ಓಡ್ತಿರೋ ಟ್ರಾವೆಲ್ ಟ್ರೇಲರ್ ಒಳಗೆ ಜನ ಇರೋದನ್ನ ಅಮೆರಿಕದ ಅನೇಕ ರಾಜ್ಯಗಳ ಕಾನೂನು ಒಪ್ಪಲ್ಲ. ಕಾನೂನು ಒಪ್ಪೋ ಕಡೆಯೂ ಬೇಡ. ಅಲ್ಲಿ ಸೀಟ್ ಬೆಲ್ಟ್ ಇರಲ್ಲ. ಗಾಡಿ ಒಮ್ಮೆ ಅಡ್ಡಾಡಿದ್ರೆ ಕಪಾಟು, ಒಲೆ, ಟೇಬಲ್ ಎಲ್ಲ ಮಲಗಿದವರ ಮೇಲೇ ಬರೋದು. ಅಪ್ಪನಿಗೆ ಮುಂದಿನ ಸೀಟ್ ಕೊಡಿ, ಎರಡು ಗಂಟೆಗೊಮ್ಮೆ ನಿಲ್ಲಿಸಿ. ನಿಂತ ಕಡೆ ಟ್ರೇಲರ್ ಬಾಗಿಲು ತೆಗೆದ್ರೆ ಹಾಸಿಗೆ ಅಲ್ಲೇ, ಬಾತ್‌ರೂಮ್ ಅಲ್ಲೇ. ಈ ಮನೆಯ ಸುಖ ಇರೋದು ನಿಂತಾಗ, ಓಡುವಾಗ ಅಲ್ಲ.

ಈಗ ಮೊದಲನೇ ಪ್ರಶ್ನೆ. ನಾನು ಬಿಕಾಂ ಓದಿದವಳು, ಎಂಜಿನಿಯರ್ ಅಲ್ಲ. ಆದ್ರೆ ಇದು ಪಕ್ಕಾ ನಮ್ಮ ಸಬ್ಜೆಕ್ಟ್, ಯಾಕಂದ್ರೆ ಇಲ್ಲಿ ನಡೆಯೋದು ಡಬಲ್ ಎಂಟ್ರಿ ಲೆಕ್ಕ.

5,000 ಪೌಂಡ್ ಅಂದ್ರೆ ಸುಮಾರು 2,270 ಕಿಲೋ. ಅದು ಗಾಡಿ ಎಳೆಯೋ ಮಿತಿ. ಆದ್ರೆ ಡ್ರೈವರ್ ಬಾಗಿಲ ಹತ್ತಿರ ಒಂದು ಸ್ಟಿಕರ್ ಇರುತ್ತೆ ನೋಡಿ, ಜನ ಮತ್ತು ಸಾಮಾನು ಸೇರಿ ಇಷ್ಟು ತೂಕ ಮೀರಬಾರದು ಅಂತ. ಅದು ಗಾಡಿ ಹೊರೋ ಮಿತಿ, ಪೇಲೋಡ್. ಎಳೆಯೋದು ಬೇರೆ, ಹೊರೋದು ಬೇರೆ. ಟ್ರೇಲರ್ ಎರಡೂ ಖಾತೆಯಲ್ಲಿ ಬರುತ್ತೆ. ಅದರ ಮೂತಿ ಕೊಕ್ಕೆಯ ಮೇಲೆ ಕೂತಿರುತ್ತಲ್ಲ, ಆ ಭಾರ ನಮ್ಮ ಗಾಡಿಯ ಬೆನ್ನ ಮೇಲೇ. ಅದಕ್ಕೆ ಟಂಗ್ ವೇಟ್ ಅಂತಾರೆ. ಸಾಮಾನ್ಯವಾಗಿ ಅದು ತುಂಬಿದ ಟ್ರೇಲರ್ ತೂಕದ ಶೇಕಡಾ 10ರಿಂದ 15 ಇರಬೇಕು.

ಒಂದು ಉದಾಹರಣೆ ಲೆಕ್ಕ ಹಾಕೋಣ. ಸ್ಟಿಕರ್‌ನಲ್ಲಿ 1,250 ಪೌಂಡ್ ಇದೆ ಅಂತಿಟ್ಕೊಳ್ಳಿ. ಖಾಲಿ ಟ್ರೇಲರ್ 3,400. ನೀರು, ಗ್ಯಾಸ್ ಸಿಲಿಂಡರ್, ಬ್ಯಾಟರಿ, ಪಾತ್ರೆ, ದಿನಸಿ ಸೇರಿ 4,000. ಎಳೆಯೋ ಖಾತೆಯಲ್ಲಿ ಇನ್ನೂ 1,000 ಪೌಂಡ್ ಉಳಿದಿದೆ. ಬಾಡಿಗೆ ಕೊಡೋರು 'ಆರಾಮಾಗಿ ಎಳೆಯುತ್ತೆ ಬಿಡಿ' ಅಂದ್ರೆ ಅದು ಸುಳ್ಳಲ್ಲ.

ಈಗ ಹೊರೋ ಖಾತೆ ತೆಗೀರಿ. ಡ್ರೈವರ್ ಸೇರಿ ಐದು ಜನ, 650. ಟಂಗ್ ವೇಟ್ ಶೇಕಡಾ 12 ಅಂದ್ರೆ 480. ಹಿಚ್‌ನ ಕಬ್ಬಿಣ ಒಂದು 50. ಒಟ್ಟು 1,180. ಉಳಿದಿದ್ದು 70 ಪೌಂಡ್, ಅಂದ್ರೆ 32 ಕಿಲೋ! ಊರಿಂದ ಬಂದ ಅಮ್ಮನ ಎರಡು ಸೂಟ್‌ಕೇಸ್ ಡಿಕ್ಕಿಗೆ ಹಾಕಿದ್ರೆ, ವಿಮಾನದ ಲೆಕ್ಕದಲ್ಲಿ ಒಂದೊಂದು 50 ಪೌಂಡ್, ಮುಗೀತು. 30 ಪೌಂಡ್ ಮೀರಿತು. ಎಳೆಯೋ ಖಾತೆಯಲ್ಲಿ ಸಾವಿರ ಉಳಿದಿದ್ರೂ ಹೊರೋ ಖಾತೆ ಓವರ್‌ಡ್ರಾಫ್ಟ್.

ಮೀರಿದ್ರೆ ಏನಾಗುತ್ತೆ? ಗಾಡಿಯ ಹಿಂಭಾಗ ಕುಗ್ಗುತ್ತೆ, ಮುಂದಿನ ಚಕ್ರ ಹಗುರಾಗುತ್ತೆ. ಸ್ಟೀರಿಂಗ್ ಮಾತು ಕೇಳೋದು ಕಮ್ಮಿ ಆಗುತ್ತೆ, ಬ್ರೇಕ್ ಹಿಡಿಯೋ ದೂರ ಹೆಚ್ಚಾಗುತ್ತೆ.

ಹಾಗಾದ್ರೆ ಸೂಟ್‌ಕೇಸ್‌ಗಳನ್ನ ಟ್ರೇಲರ್‌ಗೆ ಹಾಕೋಣ. ಟ್ರೇಲರ್ 4,100 ಆಯ್ತು, ಟಂಗ್ ವೇಟ್ 492. ಹೊರೋ ಖಾತೆ ಈಗ 1,192, ಮಿತಿಯ ಒಳಗೆ. ಆದ್ರೆ ಹಿಚ್‌ಗೂ ತನ್ನದೇ ಮಿತಿ ಇರುತ್ತೆ. ಅದು 500 ಪೌಂಡ್ ಆಗಿದ್ರೆ 8 ಪೌಂಡ್ ಮಾತ್ರ ಬಾಕಿ. ಅದಕ್ಕೇ ಮೂರು ನಂಬರ್ ನೋಡಬೇಕು: ಎಳೆಯೋ ಮಿತಿ, ಹೊರೋ ಮಿತಿ, ಹಿಚ್ ಮಿತಿ. ಮೂರರಲ್ಲಿ ಯಾವುದು ಮೊದಲು ಮುಗಿಯುತ್ತೋ ಅದೇ ನಿಮ್ಮ ಮಿತಿ.

'ಟಂಗ್ ವೇಟ್ ಕಮ್ಮಿ ಆಗ್ಲಿ, ಸಾಮಾನೆಲ್ಲ ಟ್ರೇಲರ್ ಹಿಂದುಗಡೆ ತುಂಬೋಣ' ಅಂತ ಐಡಿಯಾ ಬರಬಹುದು. ಅಪಾಯ ಇರೋದು ಅಲ್ಲೇ. ಇದನ್ನ ನಿಮ್ಮ ಅಪ್ಪನನ್ನೇ ಕೇಳಿ, ಎತ್ತಿನ ಗಾಡಿ ನೋಡಿದವರಿಗೆ ಥಟ್ ಅಂತ ಗೊತ್ತಾಗುತ್ತೆ. ಗಾಡಿಯ ಹಿಂದೆ ಹೇರು ಜಾಸ್ತಿ ಆದ್ರೆ ಮೂಕಿ ಮೇಲೇಳುತ್ತೆ, ನೊಗ ಎತ್ತಿನ ಕತ್ತನ್ನ ಎತ್ತುತ್ತೆ. ಮುಂದೆ ಜಾಸ್ತಿ ಆದ್ರೆ ಕತ್ತಿನ ಮೇಲೆ ಕೂರುತ್ತೆ. ಹೇರು ಅಚ್ಚಿನ ಮೇಲೆ, ಒಂಚೂರು ಮುಂದಕ್ಕೆ ಇರಬೇಕು. ಟ್ರೇಲರ್‌ದೂ ಅದೇ ಕಥೆ. ವ್ಯತ್ಯಾಸ ಒಂದೇ, ಎತ್ತಿನ ಗಾಡಿ ಹೆದ್ದಾರಿಯಲ್ಲಿ 60 ಮೈಲಿ ವೇಗದಲ್ಲಿ ಹೋಗಲ್ಲ. ಹಿಂದೆ ಭಾರ ಇರೋ ಟ್ರೇಲರ್ ಆ ವೇಗದಲ್ಲಿ ಬಾಲ ಆಡಿಸೋಕೆ ಶುರು ಮಾಡಿದ್ರೆ, ಕೊನೆಗೆ ಎಳೀತಿರೋ ಗಾಡಿಯನ್ನೇ ತಿರುಗಿಸಿಬಿಡುತ್ತೆ. ಇದಕ್ಕೆ ಸ್ವೇ ಅಂತಾರೆ.

ಸ್ವೇ ಶುರುವಾದಾಗ ನಮ್ಮ ಕಾಲು ತಾನಾಗೇ ಬ್ರೇಕ್ ಒತ್ತೋಕೆ ಹೋಗುತ್ತೆ. ಒತ್ತಬೇಡಿ. ಆಕ್ಸಿಲರೇಟರ್‌ನಿಂದ ಕಾಲು ತೆಗೀರಿ, ಸ್ಟೀರಿಂಗ್ ನೇರ ಹಿಡಿದಿರಿ, ಬ್ರೇಕ್ ಕಂಟ್ರೋಲರ್ ಇದ್ರೆ ಕೈಯಿಂದ ಟ್ರೇಲರ್‌ನ ಬ್ರೇಕ್ ಮಾತ್ರ ಮೆಲ್ಲಗೆ ಹಾಕಿ. ಇದನ್ನ ಪಕ್ಕದಲ್ಲಿ ಕೂರೋರಿಗೂ ಹೇಳಿಕೊಟ್ಟಿರಿ. ಆ ಹೊತ್ತಲ್ಲಿ ಅವರು 'ಬ್ರೇಕ್ ಹಾಕು!' ಅಂತ ಕಿರುಚಬಾರದು ನೋಡಿ.

ನೀರಿನ ವಿಷಯ. ಒಂದು ಗ್ಯಾಲನ್ ನೀರು 8.3 ಪೌಂಡ್. 40 ಗ್ಯಾಲನ್ ಟ್ಯಾಂಕ್ ತುಂಬಿಸಿದ್ರೆ 330 ಪೌಂಡ್ ಮೇಲೆ, ಅಂದ್ರೆ 150 ಕಿಲೋ. ತಂಗೋ ಜಾಗದಲ್ಲಿ ನಲ್ಲಿ ಇದ್ರೆ ದಾರಿಗೆ ಬೇಕಾದಷ್ಟೇ ತುಂಬಿಸಿ. ಯೆಲ್ಲೋಸ್ಟೋನ್ ಒಳಗೆ ನೀರು, ಕರೆಂಟು, ಕೊಳಚೆ ಮೂರೂ ಸಂಪರ್ಕ ಕೊಡೋ ಜಾಗ ಒಂದೇ, ಫಿಶಿಂಗ್ ಬ್ರಿಡ್ಜ್. ಅಲ್ಲಿ ಕರಡಿಗಳ ಓಡಾಟ ಇರೋದ್ರಿಂದ ಗಟ್ಟಿ ಗೋಡೆಯ ಟ್ರೇಲರ್‌ಗಳಿಗೆ ಮಾತ್ರ ಪ್ರವೇಶ, ಬಟ್ಟೆ ಗೋಡೆಯವಕ್ಕೆ ಇಲ್ಲ. ಬಾಡಿಗೆಗೆ ತಗೊಳ್ಳೋ ಮುಂಚೆ ಇದನ್ನ ನೋಡ್ಕೊಳ್ಳಿ.

ದಾರಿಯಲ್ಲಿ ವ್ಯೋಮಿಂಗ್ ಬರುತ್ತೆ. ಅಲ್ಲಿನ ಐ-80 ಹೆದ್ದಾರಿ ಗಾಳಿಗೆ ಹೆಸರುವಾಸಿ. ಗಾಳಿ ತೀರಾ ಜೋರಾದ್ರೆ ಹಗುರವಾದ, ಎತ್ತರದ ವಾಹನಗಳಿಗೆ ರಸ್ತೆಯನ್ನೇ ಮುಚ್ಚುತ್ತಾರೆ. ಟ್ರೇಲರ್ ಆ ಲೆಕ್ಕಕ್ಕೇ ಬರೋದು. ಪ್ಲಾನ್‌ನಲ್ಲಿ ಒಂದು ದಿನ ಖಾಲಿ ಬಿಡಿ. ಬುಕಿಂಗ್ ದುಡ್ಡು ಹೋಗುತ್ತೆ ಅಂತ ಗಾಳಿಗೆ ನುಗ್ಗೋದು ಕೆಟ್ಟ ವ್ಯಾಪಾರ.

ಟೈರ್. ಟೈರ್ ಮೇಲಿನ ಡಾಟ್ ಕೋಡ್‌ನ ಕೊನೇ ನಾಲ್ಕು ಅಂಕಿ ಓದಿ. 2319 ಅಂತಿದ್ರೆ 2019ರ 23ನೇ ವಾರದಲ್ಲಿ ತಯಾರಾಗಿದ್ದು. ಟ್ರೇಲರ್ ಟೈರ್ ಸವೆಯೋ ಮುಂಚೆ ವಯಸ್ಸಾಗಿ ಸಾಯುತ್ತೆ, ನೋಡೋಕೆ ಹೊಸದರ ಹಾಗೇ ಇರುತ್ತೆ. ಐದಾರು ವರ್ಷ ಆಗಿದ್ರೆ ಬದಲಾಯಿಸಿ ಕೊಡಿ ಅಂತ ಕೇಳಿ. ಎಷ್ಟೋ ಟ್ರೇಲರ್ ಟೈರ್‌ಗಳ ಮಿತಿ 65 ಮೈಲಿ. ಪಕ್ಕದ ಕಾರು 80ರಲ್ಲಿ ಹೋದ್ರೆ ಹೋಗ್ಲಿ ಬಿಡಿ.

ಹೊರಡೋ ಬೆಳಿಗ್ಗೆಯ ಪಟ್ಟಿ ಈಗ. ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ.

1. ಕೊಕ್ಕೆ ಬಿಗಿಯಾಗಿ ಕೂತಿದೆಯಾ, ಪಿನ್ ಹಾಕಿದೆಯಾ?
2. ಎರಡು ಸರಪಳಿ ಕತ್ತರಿಯಾಕಾರದಲ್ಲಿ ಅಡ್ಡ ಹಾಕಿದೆಯಾ? ಕೊಕ್ಕೆ ಕಳಚಿದ್ರೆ ಟ್ರೇಲರ್ ಮೂತಿ ನೆಲಕ್ಕೆ ಬಡಿಯದೆ ಸರಪಳಿ ತೊಟ್ಟಿಲಲ್ಲಿ ಬೀಳುತ್ತೆ.
3. ಬ್ರೇಕ್‌ಅವೇ ಕೇಬಲ್ ಗಾಡಿಗೇ ಕಟ್ಟಿದೆಯಾ? ಅದನ್ನ ಸರಪಳಿಗೆ ಸಿಕ್ಕಿಸಬಾರದು. ಟ್ರೇಲರ್ ಬಿಟ್ಟುಹೋದ್ರೆ ಅದರ ಬ್ರೇಕ್ ಹಾಕೋದು ಇದೇ ಕೇಬಲ್.
4. ಬ್ರೇಕ್ ಲೈಟ್, ಇಂಡಿಕೇಟರ್ ಉರೀತಿದೆಯಾ? ಒಬ್ಬರು ಹಿಂದೆ ನಿಂತು ನೋಡಿ.
5. ಗ್ಯಾಸ್ ಬಂದ್, ಛಾವಣಿ ಕಿಂಡಿ ಬಂದ್, ಫ್ರಿಜ್ ಬಾಗಿಲು ಭದ್ರ, ಮೆಟ್ಟಿಲು ಒಳಗೆ, ಜ್ಯಾಕ್ ಮೇಲೆ.
6. ಚಕ್ರಕ್ಕೆ ಕೊಟ್ಟ ಅಡೆ ತೆಗೆಯೋದು ಎಲ್ಲಕ್ಕಿಂತ ಕೊನೆಗೆ.

ಹತ್ತು ಮೈಲಿ ಆದ್ಮೇಲೆ ನಿಲ್ಲಿಸಿ, ಇಡೀ ಪಟ್ಟಿ ಮತ್ತೆ ನೋಡಿ.

ರಿವರ್ಸ್ ತಗೊಳ್ಳೋದನ್ನ ಖಾಲಿ ಪಾರ್ಕಿಂಗ್‌ನಲ್ಲಿ ಒಂದು ಭಾನುವಾರ ಕಲೀರಿ. ಕೈಯನ್ನ ಸ್ಟೀರಿಂಗ್‌ನ ಕೆಳಭಾಗದಲ್ಲಿಡಿ. ಟ್ರೇಲರ್‌ನ ಹಿಂಭಾಗ ಯಾವ ಕಡೆ ಹೋಗಬೇಕೋ ಕೈಯನ್ನ ಆ ಕಡೆ ತಗೊಂಡ್ರೆ ಸಾಕು. ಕೆಳಗಿಳಿದು ದಾರಿ ತೋರಿಸೋ ಕೆಲಸ ಅಮ್ಮನಿಗೆ ಕೊಡಿ. ನಮ್ಮ ಕಂಡಕ್ಟರ್‌ಗಳ 'ಬರ್ಲಿ, ಬರ್ಲಿ, ಹೋಲ್ಡಾನ್' ಸಾಕು, ಇಂಗ್ಲಿಷ್ ಬೇಕಿಲ್ಲ. ಒಂದೇ ನಿಯಮ: ಅಮ್ಮ ಕನ್ನಡಿಯಲ್ಲಿ ಕಾಣಿಸದಿದ್ರೆ ಗಾಡಿ ಅಲ್ಲೇ ನಿಲ್ಲಬೇಕು.

ಕೊನೇ ಮಾತು. ನಾನು ಹೇಳಿದ್ದು ಅಂದಾಜು ಲೆಕ್ಕ, ನಿಮ್ಮದನ್ನ ತೂಗಿಯೇ ನೋಡಬೇಕು. ಹೆದ್ದಾರಿ ಪಕ್ಕದ ಟ್ರಕ್ ಸ್ಟಾಪ್‌ಗಳಲ್ಲಿ ಕ್ಯಾಟ್ ಸ್ಕೇಲ್ ಅಂತ ತೂಕದ ಸೇತುವೆ ಇರುತ್ತೆ. ಐದೂ ಜನ ಕೂತು, ಎಲ್ಲ ತುಂಬಿಸಿ, ಒಮ್ಮೆ ಹತ್ತಿಸಿ. ಕಾರಿನ ಮುಂದಿನ ಅಚ್ಚು, ಹಿಂದಿನ ಅಚ್ಚು, ಟ್ರೇಲರ್, ಮೂರರ ತೂಕವೂ ಬೇರೆ ಬೇರೆಯಾಗಿ ಚೀಟಿಯಲ್ಲಿ ಬರುತ್ತೆ. ಮೀರಿದ್ರೆ ಏನು ಇಳಿಸಬೇಕು ಅಂತ ಮನೆ ಹತ್ತಿರವೇ ತೀರ್ಮಾನ ಮಾಡಿ. ಅಕ್ಕಿ ಮೂಟೆ ಬಿಟ್ಟು ಹೋಗಬಹುದು, ದಾರಿಯಲ್ಲಿ ಅಕ್ಕಿ ಸಿಗುತ್ತೆ.

ಇದನ್ನ ಟ್ರಿಪ್‌ಗೆ ಹೊರಟಿರೋ ಯಾರಿಗಾದ್ರೂ ಫಾರ್ವರ್ಡ್ ಮಾಡಿ. ಮುಂದಿನ ವಾರ ಸಿಗೋಣ. ಹುಷಾರಾಗಿ ಹೋಗಿ ಬನ್ನಿ.