ಆ ಪುಟ್ಟ ಹಕ್ಕಿ ಯಾವುದು?

ಬೆಳಗ್ಗೆ ತಿರುಗಾಡಲು ಹೊರಟಿದ್ದೀರಿ. ಬೇಲಿಯೊಳಗಿಂದ ಪುಟ್ಟ ಹಕ್ಕಿಯೊಂದು ಹೊರಗೆ ಬಂದು, ಬಾಲ ಕುಣಿಸಿ, ಮತ್ತೆ ಎಲೆಗಳ ಮರೆಗೆ ಸೇರಿಬಿಡುತ್ತದೆ. ಕಾಗೆ, ಗುಬ್ಬಿ, ಮೈನಾಗಳ ಪರಿಚಯ ನಿಮಗುಂಟು. ಇದು ಅವುಗಳಲ್ಲಿ ಒಂದಲ್ಲ. ಜೊತೆಯಲ್ಲಿರುವ ಮಗು "ಅದು ಯಾವ ಹಕ್ಕಿ?" ಎಂದು ಕೇಳಿದರೆ ಏನು ಹೇಳುತ್ತೀರಿ? "ಯಾವುದೋ ಗುಬ್ಬಿ" ಎಂದು ಮುಂದೆ ನಡೆಯುವವರೇ ನಮ್ಮಲ್ಲಿ ಹೆಚ್ಚು.

ನಾನು ಅದಕ್ಕಿಂತ ದೊಡ್ಡ ತಪ್ಪು ಮಾಡಿದವನು. ಒಂದು ಮಳೆಗಾಲದಲ್ಲಿ ನಮ್ಮ ಬೀದಿಯ ಕೊನೆಯ ಬೇಲಿಯಲ್ಲಿ, ಎಲೆಗಳನ್ನು ಹೊಲಿದು ಮಾಡಿದ ಗೂಡೊಂದು ಕಂಡಿತು. ಎಲೆ ಹೊಲಿಯುವ ಹಕ್ಕಿ ಎಂದರೆ ಸಿಂಪಿಗ, ಅಂದರೆ ಟುವ್ವಿ ಎಂದು ಓದಿದ್ದೆ. "ನೋಡು, ಟುವ್ವಿಯ ಗೂಡು" ಎಂದು ಮಗಳಿಗೆ ಗಂಭೀರವಾಗಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನೆ ನೋಡುತ್ತ ನಿಂತಿದ್ದು, "ಅಪ್ಪಾ, ಟುವ್ವಿಯ ನೆತ್ತಿ ಕೆಂಪಗಿರುತ್ತೆ ಅಂತ ನೀವೇ ಹೇಳಿದ್ರಲ್ಲ? ಇದರ ನೆತ್ತಿ ಬೂದಿ ಬಣ್ಣ!" ಎಂದಳು.

ಮಗಳ ಮಾತೇ ನಿಜವಾಗಿತ್ತು. ಅದು ಬೂದು ಉಲಿಯಕ್ಕಿ. ಅದೂ ಕೆಲವೊಮ್ಮೆ ಎಲೆಗಳನ್ನು ಹೊಲಿದೇ ಗೂಡು ಕಟ್ಟುತ್ತದೆ. ಗೂಡೊಂದನ್ನೇ ನಂಬಿ ನಾನು ಹಕ್ಕಿಯನ್ನು ನೋಡುವುದನ್ನೇ ಮರೆತಿದ್ದೆ.

ಇವೆರಡೂ ಗುಬ್ಬಿಗಿಂತ ಚಿಕ್ಕವು. ಬಾಲವೂ ಸೇರಿ ಸುಮಾರು ೧೩ ಸೆಂಟಿಮೀಟರ್ ಉದ್ದ. ಟುವ್ವಿಯ ಬೆನ್ನು ಹಸುರು, ನೆತ್ತಿ ತುಕ್ಕಿನ ಬಣ್ಣ, ಹೊಟ್ಟೆ ಮಾಸಲು ಬಿಳಿ. ಬಾಲವನ್ನು ನೆಟ್ಟಗೆ ನಿಮಿರಿಸಿ, ಮೈಗೆ ಮೀರಿದ ಗಟ್ಟಿ ದನಿಯಲ್ಲಿ "ಟುವ್ವಿ, ಟುವ್ವಿ" ಎಂದು ಕೂಗುತ್ತದೆ. ಉಲಿಯಕ್ಕಿಯ ನೆತ್ತಿ, ಬೆನ್ನು ಬೂದಿ ಬಣ್ಣ. ಎದೆಯಲ್ಲಿ ತಿಳಿಯಾದ ಕಂದು ಛಾಯೆ. ಉದ್ದನೆಯ ಬಾಲದ ಗರಿಗಳ ತುದಿಯಲ್ಲಿ ಕಪ್ಪು ಬಿಳುಪಿನ ಗುರುತು. ಗಾಬರಿಗೊಂಡು ಹಾರುವಾಗ ಚಿಟಿಕೆ ಹೊಡೆದಂತೆ "ಚಿಟ್ ಚಿಟ್" ಎಂಬ ಸದ್ದು ಕೇಳಿಸುತ್ತದೆ.

ಆದ್ದರಿಂದ ಹೊಸ ಹಕ್ಕಿಯನ್ನು ಕಂಡಾಗ ಹೆಸರಿಗೆ ಅವಸರಪಡಬೇಡಿ. ಮೊದಲು ಗಾತ್ರ ನೋಡಿ. ಸಲೀಂ ಅಲಿಯವರು ೧೯೪೧ರಲ್ಲಿ ಪ್ರಕಟಿಸಿದ ಭಾರತದ ಹಕ್ಕಿಗಳ ಪುಸ್ತಕದಲ್ಲಿ ಗುಬ್ಬಿ, ಪಿಕಳಾರ, ಮೈನಾ, ಕಾಗೆಗಳನ್ನೇ ಅಳತೆಗೋಲಾಗಿ ಬಳಸಿದ್ದಾರೆ. ನಮಗೂ ಅದು ಸಾಕು. ಆಮೇಲೆ ಕೊಕ್ಕು ದಪ್ಪವೋ ಸಣ್ಣದೋ, ಬಾಲ ಗಿಡ್ಡವೋ ಉದ್ದವೋ, ಯಾವ ಬಣ್ಣ ಮೈಯ ಯಾವ ಭಾಗದಲ್ಲಿದೆ, ನೆಲದ ಮೇಲೆ ಕುಪ್ಪಳಿಸುತ್ತಿದೆಯೋ ಪೊದೆಯಲ್ಲಿ ಹುಳು ಹುಡುಕುತ್ತಿದೆಯೋ, ದನಿ ಹೇಗಿದೆ ಎಂಬುದನ್ನು ಗಮನಿಸಿ. ಕಂಡದ್ದನ್ನು ಅಲ್ಲಿಯೇ ಚೀಟಿಯಲ್ಲಿ ಬರೆದುಕೊಳ್ಳಿ. ಪುಸ್ತಕ ತೆರೆಯುವುದು ಆಮೇಲೆ. ಮೊದಲೇ ಚಿತ್ರ ನೋಡಿದರೆ, ಕಾಣದ ಗುರುತನ್ನೂ ಕಂಡೆವೆಂದು ಮನಸ್ಸು ಸಾಕ್ಷಿ ಹೇಳಿಬಿಡುತ್ತದೆ.

ಒಂದು ಎಚ್ಚರಿಕೆಯ ಮಾತು. ಬೂದು ಉಲಿಯಕ್ಕಿಯ ಮೊಟ್ಟೆ ಹೊಳೆಯುವ ಇಟ್ಟಿಗೆಗೆಂಪು. ಅದನ್ನು ಕಂಡರೆ ಸಂಶಯಕ್ಕೆ ಎಡೆಯೇ ಇಲ್ಲ. ಆದರೂ ಕೊಂಬೆ ಬಗ್ಗಿಸಿ ಗೂಡಿನೊಳಗೆ ಇಣುಕಬೇಡಿ. ಬೆದರಿದ ಹಕ್ಕಿ ಗೂಡನ್ನೇ ತೊರೆಯಬಹುದು. ಸರಿದ ಎಲೆಯ ಸಂದಿನಲ್ಲಿ ಕಾಗೆಯ ಕಣ್ಣೂ ಬೀಳಬಹುದು. ನಮ್ಮ ಕುತೂಹಲ ತಣಿಯುವುದಕ್ಕೆ ಒಂದು ಸಂಸಾರ ಹಾಳಾಗಬೇಕೆ?

ಇಂದು ಹೆಸರು ತಿಳಿಯದಿದ್ದರೆ ನಷ್ಟವೇನೂ ಇಲ್ಲ. ನಾಳೆ ಅದೇ ಹೊತ್ತಿಗೆ ಅದೇ ಬೇಲಿಯ ಬಳಿ, ನಾಲ್ಕು ಮಾರು ದೂರದಲ್ಲಿ, ಹತ್ತು ನಿಮಿಷ ಸುಮ್ಮನೆ ನಿಲ್ಲಿ. ಜೊತೆಗೆ ಮಗುವನ್ನೂ ಕರೆದುಕೊಂಡು ಹೋಗಿ. ನಿಮ್ಮ ಕಣ್ಣಿಗೆ ತಪ್ಪಿದ್ದು ಅದರ ಕಣ್ಣಿಗೆ ಬಿದ್ದೀತು.