ಪರೀಕ್ಷೆಗೆ ನಿಲ್ಲದ ಮಾತೆಲ್ಲ ಅರ್ಥಹೀನವೆ?

(ಲಕ್ಷ್ಮೀಪುರಂನಲ್ಲಿ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣ)



ಗಿರಣಿಯ ಪಾಳಿ ಮುಗಿಸಿ, ಅಂಗಡಿಯ ಬಾಗಿಲು ಹಾಕಿ ಬಂದವರ ಮುಂದೆ ತತ್ತ್ವಶಾಸ್ತ್ರದ ಮಾತೇಕೆ ಎಂದು ಕೆಲವರು ಕೇಳಿದರು. ಕಾರಣವಿದೆ. ಕೂಲಿಯ ಮಾತಿಗೆ ಹೋದಾಗ ನಾವು "ಇದು ಅನ್ಯಾಯ" ಎನ್ನುತ್ತೇವೆ. ಎದುರಿಗೆ ಕುಳಿತವರು "ಅಂಕಿ ಅಂಶ ಇದ್ದರೆ ಹೇಳಿ, ನ್ಯಾಯ ಅನ್ಯಾಯವೆಲ್ಲ ಅವರವರ ಭಾವನೆ" ಎನ್ನುತ್ತಾರೆ. ಅವರಿಗೆ ತಿಳಿದಿರಲಿ, ಬಿಡಲಿ, ಆ ಉತ್ತರದ ಹಿಂದೆ ಒಂದು ದೊಡ್ಡ ವಾದವಿದೆ. ಅದರ ಹೆಸರು ಲಾಜಿಕಲ್ ಪಾಸಿಟಿವಿಸಂ. ಕನ್ನಡದಲ್ಲಿ ತಾರ್ಕಿಕ ಪ್ರತ್ಯಕ್ಷವಾದ ಎನ್ನೋಣ.

ಇದು ಹುಟ್ಟಿದ್ದು ಆಸ್ಟ್ರಿಯದ ವಿಯೆನ್ನಾ ನಗರದಲ್ಲಿ. 1922ರಲ್ಲಿ ಅಲ್ಲಿಗೆ ಪ್ರಾಧ್ಯಾಪಕರಾಗಿ ಬಂದ ಮೋರಿಟ್ಸ್ ಶ್ಲಿಕ್ ಅವರ ಸುತ್ತ ವಿಜ್ಞಾನಿಗಳು, ಗಣಿತಜ್ಞರು ಸೇರಿದರು. 1929ರಲ್ಲಿ ಈ ಕೂಟ ತನ್ನ ಘೋಷಣೆಯನ್ನು ಹೊರಡಿಸಿತು. ಇಂಗ್ಲೆಂಡಿನ ಎ. ಜೆ. ಏಯರ್ 1936ರಲ್ಲಿ, ತಮ್ಮ 25ನೆಯ ವಯಸ್ಸಿನಲ್ಲಿ, ಇದನ್ನು ಇಂಗ್ಲಿಷ್ ಓದುಗರಿಗೆ ಮುಟ್ಟಿಸಿದರು.

ಅವರ ಮಾತು ಸರಳ. ಅರ್ಥವುಳ್ಳ ಹೇಳಿಕೆಗಳು ಎರಡೇ ಬಗೆ. ಒಂದು, ಎರಡೂ ಎರಡೂ ನಾಲ್ಕು ಎಂಬಂತೆ ಪದಗಳ ಅರ್ಥದಿಂದಲೇ ನಿಜವಾಗುವಂಥದು. ಇನ್ನೊಂದು, ಅನುಭವದಿಂದ ಪರೀಕ್ಷಿಸಬಹುದಾದುದು. "ಈ ಮೂಟೆಯಲ್ಲಿ 50 ಕಿಲೋ ಅಕ್ಕಿ ಇದೆ" ಎಂದರೆ ತಕ್ಕಡಿಗೆ ಹಾಕಿ ನೋಡಬಹುದು. ಈಗಲೇ ನೋಡಲಾಗದಿದ್ದರೂ ಹೇಗೆ ನೋಡಬಹುದೆಂದು ಹೇಳಲು ಬಂದರೆ ಸಾಕು. ಚಂದ್ರನ ಆಚೆಯ ಬದಿಯಲ್ಲಿ ಬೆಟ್ಟಗಳಿವೆ ಎಂಬುದನ್ನು ಏಯರ್ ಉದಾಹರಣೆಯಾಗಿ ಕೊಟ್ಟರು. 1959ರಲ್ಲಿ ಸೋವಿಯತ್ ದೇಶದ ಲೂನಾ-3 ಆ ಬದಿಯ ಚಿತ್ರವನ್ನೇ ತೆಗೆದು ಕಳಿಸಿತು. ಆದರೆ ಯಾವ ಪರೀಕ್ಷೆಗೂ ಸಿಕ್ಕದ ಮಾತು ಸುಳ್ಳು ಕೂಡ ಅಲ್ಲ, ಅದಕ್ಕೆ ಅರ್ಥವೇ ಇಲ್ಲ ಎಂದರು ಅವರು.

ಈ ಪ್ರಶ್ನೆಯ ಬಲವನ್ನು ನಾವು ಕಡಿಮೆ ಎಣಿಸಬಾರದು. ಆ ಕೂಟದ ಓಟೋ ನ್ಯೂರಾತ್ ಸಮಾಜವಾದಿ. ಬಾಡಿಗೆ, ಕೂಲಿ, ಶಿಶುಮರಣಗಳ ಲೆಕ್ಕ ಕೆಲಸಗಾರರಿಗೂ ತಿಳಿಯಲೆಂದು, ಅದನ್ನು ಚಿತ್ರಗಳಲ್ಲಿ ತೋರಿಸುವ ಸಂಗ್ರಹಾಲಯವನ್ನು 1925ರಲ್ಲಿ ವಿಯೆನ್ನಾದಲ್ಲಿ ತೆರೆದರು. 1934ರಲ್ಲಿ ಅಲ್ಲಿನ ಸರ್ವಾಧಿಕಾರ ಸಮಾಜವಾದಿಗಳನ್ನು ತುಳಿದಾಗ ಅವರು ಹಾಲೆಂಡ್ ಸೇರಿದರು. 1940ರಲ್ಲಿ ಅಲ್ಲಿಂದಲೂ ದೋಣಿ ಹತ್ತಿ ಇಂಗ್ಲೆಂಡಿಗೆ ಪಾರಾಗಬೇಕಾಯಿತು.

ಇನ್ನು ಆಕ್ಷೇಪಗಳು. ಮೊದಲನೆಯದಕ್ಕೆ ವಿಯೆನ್ನಾದವರೆಗೆ ಹೋಗಬೇಕಿಲ್ಲ. ನಮ್ಮ ಮೈಸೂರಿನ ಓರಿಯಂಟಲ್ ಲೈಬ್ರರಿಯ ಆರ್. ಶಾಮಾಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರ, ವಿಚಾರವಿದ್ಯೆಗಳಲ್ಲಿ ಸಾಂಖ್ಯ, ಯೋಗಗಳ ಜೊತೆ ಲೋಕಾಯತವನ್ನೂ ಎಣಿಸುತ್ತದೆ. ಲೋಕಾಯತರು, ಅಂದರೆ ಚಾರ್ವಾಕರು, ಕಣ್ಣಿಗೆ ಕಂಡದ್ದೇ ಪ್ರಮಾಣ, ಊಹೆ ಪ್ರಮಾಣವಲ್ಲ ಎಂದರೆಂದು ಅವರ ವಿರೋಧಿಗಳು ಬರೆದಿಟ್ಟಿದ್ದಾರೆ. ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿದ ಎಂ. ಹಿರಿಯಣ್ಣನವರು 1932ರ ತಮ್ಮ ಗ್ರಂಥದಲ್ಲಿ ಇದರ ತೊಡಕನ್ನು ತೋರಿಸಿದರು: ಯಾವ ಊಹೆಯೂ ನಿಲ್ಲದು ಎಂಬ ತೀರ್ಮಾನವೇ ಒಂದು ಊಹೆಯಲ್ಲವೆ?

ವಿಯೆನ್ನಾದವರಿಗೂ ಇದೇ ಪೆಟ್ಟು ಬಿತ್ತು. "ಪರೀಕ್ಷೆಗೆ ಸಿಕ್ಕುವ ಮಾತಿಗೆ ಮಾತ್ರ ಅರ್ಥ" ಎಂಬ ಮಾತನ್ನು ಯಾವ ತಕ್ಕಡಿಯಲ್ಲಿ ತೂಗುವುದು? ಅದು ಗಣಿತವೂ ಅಲ್ಲ, ಕಣ್ಣಾರೆ ಕಂಡದ್ದೂ ಅಲ್ಲ. ಅವರ ನಿಯಮದಂತೆ ಅವರ ನಿಯಮಕ್ಕೇ ಅರ್ಥವಿಲ್ಲ. ಇದು ಸತ್ಯವಲ್ಲ, ನಾವು ಮಾಡಿಕೊಂಡ ಒಪ್ಪಂದ ಎಂದು ಅವರಲ್ಲಿ ಕೆಲವರು ಉತ್ತರಿಸಿದರು. ಆಗಲಿ, ಒಪ್ಪಂದವಾದರೆ ಸಹಿ ಹಾಕದೆ ಇರುವ ಹಕ್ಕು ನಮಗೂ ಇದೆ.

ಎರಡನೆಯದು ವಿಜ್ಞಾನದ ಕಡೆಯಿಂದಲೇ ಬಂತು. ಕಾಯಿಸಿದರೆ ತಾಮ್ರ ಹಿಗ್ಗುತ್ತದೆ ಎನ್ನುತ್ತೇವೆ. ಲೋಕದ ತಾಮ್ರವನ್ನೆಲ್ಲ, ಮುಂದೆ ಸಿಕ್ಕಲಿರುವುದನ್ನೂ ಸೇರಿಸಿ, ಕಾಯಿಸಿ ನೋಡಿದವರು ಯಾರು? ನಿಯಮವನ್ನು ಪೂರ್ತಿ ಸಾಧಿಸಲಾಗದು, ಆದರೆ ಒಂದೇ ಒಂದು ಪ್ರತಿಕೂಲ ಉದಾಹರಣೆ ಅದನ್ನು ಮುರಿಯಬಲ್ಲದು ಎಂದು ಕಾರ್ಲ್ ಪಾಪರ್ 1934ರಲ್ಲಿ ವಾದಿಸಿದರು. ಏಯರ್ ತಮ್ಮ ನಿಯಮವನ್ನು ಸಡಿಲಿಸಿದರು. ಸಡಿಲಿಸಿದ ನಿಯಮದಲ್ಲಿ ಯಾವ ಮಾತು ಬೇಕಾದರೂ ನುಸುಳಬಹುದೆಂದು 1949ರಲ್ಲಿ ಅಲೊಂಜೊ ಚರ್ಚ್ ತೋರಿಸಿದರು. ಜರಡಿಯ ಕಣ್ಣು ಕಿರಿದಾದರೆ ಅಕ್ಕಿಯೂ ಇಳಿಯದು, ಹಿರಿದಾದರೆ ಕಲ್ಲೂ ಇಳಿಯುತ್ತದೆ.

ಮೂರನೆಯದು ವ್ಯಾಪಾರಿಗಳಿಗೆ ಸುಲಭವಾಗಿ ಅರ್ಥವಾದೀತು. ರಾತ್ರಿ ಗಲ್ಲಾಪೆಟ್ಟಿಗೆಯ ಹಣಕ್ಕೂ ಲೆಕ್ಕದ ಪುಸ್ತಕಕ್ಕೂ ತಾಳೆಯಾಗಲಿಲ್ಲ ಎನ್ನಿ. ಎಲ್ಲೋ ತಪ್ಪಿದೆ ಎಂಬುದು ಖಂಡಿತ. ಯಾವ ಸಾಲಿನಲ್ಲಿ ಎಂದು ಗಲ್ಲಾಪೆಟ್ಟಿಗೆ ಹೇಳುವುದಿಲ್ಲ. ನಮ್ಮ ಹೇಳಿಕೆಗಳೂ ಹಾಗೆಯೇ, ಒಂದೊಂದಾಗಿ ಅಲ್ಲ, ಒಟ್ಟಾಗಿ ಅನುಭವವನ್ನು ಎದುರಿಸುತ್ತವೆ ಎಂದು 1951ರಲ್ಲಿ ಅಮೆರಿಕದ ಕ್ವೈನ್ ಬರೆದರು.

ನಾಲ್ಕನೆಯದು ನಮಗೆ ಎಲ್ಲಕ್ಕಿಂತ ಮುಖ್ಯ. "ಕದಿಯುವುದು ತಪ್ಪು" ಎಂಬ ಮಾತು ಯಾವ ಸಂಗತಿಯನ್ನೂ ತಿಳಿಸುವುದಿಲ್ಲ, ಅಸಮಾಧಾನದ ಉದ್ಗಾರವಷ್ಟೇ ಎಂದರು ಏಯರ್. ಜಗಳವೆಲ್ಲ ಸಂಗತಿಗಳ ಬಗೆಗೇ, ಸಂಗತಿ ಇತ್ಯರ್ಥವಾದರೆ ವಾದಿಸಲು ಏನೂ ಉಳಿಯದು ಎಂದೂ ಹೇಳಿದರು. ಹಾಗಿದೆಯೆ? ಅಕ್ಕಿಯ ಬೆಲೆ, ಮನೆ ಬಾಡಿಗೆ, ಗಿರಣಿಯ ಲಾಭ, ಕೂಲಿಯ ಮೊತ್ತ ಎಲ್ಲವನ್ನೂ ಎರಡು ಪಕ್ಷದವರೂ ಒಪ್ಪಿದರೆನ್ನಿ. ಆ ಲಾಭದಲ್ಲಿ ದುಡಿದವನ ಪಾಲೆಷ್ಟು ಎಂಬ ಪ್ರಶ್ನೆ ಆಗಲೂ ಉಳಿಯುತ್ತದೆ. ಅದು ಬರಿಯ ಉದ್ಗಾರವಾಗಿದ್ದರೆ ಕಾರಣ ಕೊಟ್ಟು ವಾದಿಸುವುದಕ್ಕೂ ಮೇಜು ಗುದ್ದುವುದಕ್ಕೂ ವ್ಯತ್ಯಾಸವೇ ಇರುತ್ತಿರಲಿಲ್ಲ. ನಾವು ಕಾರಣ ಕೊಡುತ್ತೇವೆ, ಕೇಳಿಸಿಕೊಳ್ಳುತ್ತೇವೆ, ಕೆಲವೊಮ್ಮೆ ಮನಸ್ಸನ್ನೂ ಬದಲಿಸಿಕೊಳ್ಳುತ್ತೇವೆ.

ನಮ್ಮ ನಾಡಿನ ಎಚ್. ನರಸಿಂಹಯ್ಯನವರನ್ನು ನೆನೆಯೋಣ. ಭೌತವಿಜ್ಞಾನದ ಮೇಷ್ಟ್ರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿ ರಚಿಸಿದರು. ಪರೀಕ್ಷೆಗೆ ಒಪ್ಪಿರೆಂದು ಸತ್ಯಸಾಯಿಬಾಬಾ ಅವರಿಗೆ ಪತ್ರಗಳನ್ನು ಬರೆದರು. ಉತ್ತರ ಬರಲಿಲ್ಲ. "ಹೇಗೆ ಗೊತ್ತು, ತೋರಿಸಿ" ಎಂದು ಕೇಳುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಅದೇ ನರಸಿಂಹಯ್ಯನವರು 1942ರಲ್ಲಿ ಓದನ್ನು ಬಿಟ್ಟು, ಸ್ವಾತಂತ್ರ್ಯಕ್ಕಾಗಿ ಜೈಲಿಗೆ ಹೋದವರು. ಗುಲಾಮತನ ತಪ್ಪು ಎಂಬುದನ್ನು ಅವರು ಯಾವ ಪ್ರಯೋಗಶಾಲೆಯಲ್ಲಿ ಅಳೆದಿದ್ದರು? ಆ ಮಾತಿಗೆ ಅರ್ಥವಿಲ್ಲವೆಂದು ಯಾರು ಹೇಳಿಯಾರು?

ಏಯರ್ ಅವರೇ 1970ರ ದಶಕದಲ್ಲಿ ತಮ್ಮ ಹಳೆಯ ವಾದದ ಬಹುಪಾಲು ತಪ್ಪೆಂದು ನಗುನಗುತ್ತಲೇ ಒಪ್ಪಿಕೊಂಡರು. ನಾವು ಅಷ್ಟನ್ನೂ ಎಸೆಯಬೇಕಿಲ್ಲ. ಸ್ವಾಮಿಗಳೇ ಹೇಳಲಿ, ಮಂತ್ರಿಗಳೇ ಹೇಳಲಿ, ನಮ್ಮ ಪಕ್ಷದ ಮುಖಂಡರೇ ಹೇಳಲಿ, "ಹೇಗೆ ತಿಳಿಯಿತು?" ಎಂದು ಕೇಳುವ ಅಭ್ಯಾಸವನ್ನು ಇಟ್ಟುಕೊಳ್ಳೋಣ. ಮುಂದಿನ ಸಲ ಕೂಲಿಯ ಮಾತಿಗೆ ಹೋಗುವಾಗ ಲೆಕ್ಕವನ್ನು ಸರಿಯಾಗಿ ಬರೆದುಕೊಂಡು ಹೋಗೋಣ. ಲೆಕ್ಕವನ್ನೆಲ್ಲ ಒಪ್ಪಿಸಿದ ಮೇಲೆ, ತಲೆ ತಗ್ಗಿಸದೆ, "ಇದು ಅನ್ಯಾಯ, ಏಕೆಂದರೆ" ಎಂದು ಮಾತನ್ನು ಮುಂದುವರಿಸೋಣ.