ಮಾಸ್ತರರ ಪಗಾರ, ಫ್ಯಾಕ್ಟರಿಯ ಪಗಾರ
(ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ಶಿಕ್ಷಕರ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಸಂಘಟಕರು ಕೇಳಿದ್ದಾರೆ. ಶಿಕ್ಷಕರು ರಾಷ್ಟ್ರ ನಿರ್ಮಾಪಕರು ಎಂಬ ಮಾತನ್ನು ತಾವು ಪ್ರತಿ ವರ್ಷ ಸೆಪ್ಟೆಂಬರ್ 5ರಂದು ಕೇಳುತ್ತೀರಿ. ಅದನ್ನು ನಾನು ಇಲ್ಲಿ ಮತ್ತೆ ಹೇಳುವುದಿಲ್ಲ. ನಾನು ಲೆಕ್ಕ ಬರೆದು ಜೀವನ ಸಾಗಿಸಿದವನು. ಆದ್ದರಿಂದ ಪಗಾರದ ವಿಷಯವನ್ನೇ ಆರಿಸಿಕೊಂಡಿದ್ದೇನೆ.

ಕುಮಾರಪಟ್ಟಣದಲ್ಲಿ ಕುಳಿತು ಈ ವಿಷಯ ಮಾತನಾಡುವುದು ಸುಲಭ. ಇಲ್ಲಿ 1970ರ ದಶಕದಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಬಂದಂದಿನಿಂದ ಪ್ರತಿ ಮನೆಯಲ್ಲೂ ಒಂದು ಅಳತೆಗೋಲು ಇದೆ. ಯಾವ ನೌಕರಿಯ ಮಾತು ಬಂದರೂ ಜನ ಕೇಳುವುದು, "ಫ್ಯಾಕ್ಟರಿಯ ಪಗಾರಕ್ಕಿಂತ ಹೆಚ್ಚೋ ಕಡಿಮೆಯೋ?" ಎಂದು. ಈ ಪ್ರಶ್ನೆಯಲ್ಲಿ ಒಂದು ಕೊರತೆಯಿದೆ. ಫ್ಯಾಕ್ಟರಿಯ ಕಾಯಂ ಕೆಲಸಗಾರನ ಕೈಗೆ ಬರುವ ಹಣವನ್ನು ಮಾತ್ರ ನಾವು ನೋಡುತ್ತೇವೆ. ಅವನ ಪೆಟ್ಟಿಗೆಯಲ್ಲಿರುವ ಕಾಗದಗಳನ್ನು ನೋಡುವುದಿಲ್ಲ. ನೇಮಕಾತಿ ಪತ್ರ, ಪಗಾರ ಚೀಟಿ, ಭವಿಷ್ಯನಿಧಿಯ ಲೆಕ್ಕ, ಗ್ರಾಚ್ಯುಟಿ, ವಾರಕ್ಕೆ 48 ಗಂಟೆ ಮೀರಿದರೆ ದುಪ್ಪಟ್ಟು ಓವರ್‌ಟೈಮ್, ಇವೆಲ್ಲ ಆ ಕಾಗದಗಳಿಂದ ಬಂದವು. ಅದೇ ಗೇಟಿನೊಳಗೆ ಗುತ್ತಿಗೆದಾರನ ಕೈಕೆಳಗೆ ದುಡಿಯುವವನಿಗೆ ಇವುಗಳಲ್ಲಿ ಅರ್ಧವೂ ಸಿಗುವುದು ಕಷ್ಟ. ಖಾಸಗಿ ನೌಕರಿ ಎಂದರೆ ಒಂದೇ ಬಗೆಯದಲ್ಲ ಎಂಬುದನ್ನು ನಮ್ಮ ಹುಡುಗರು ತಿಳಿದಿರಬೇಕು.

ಕಾಯಂ ನೌಕರಿಯೂ ಶಾಶ್ವತವಲ್ಲ. ಹೊಳೆಯಾಚೆ ಹರಿಹರದಲ್ಲಿ 1941ರಿಂದ ಲೇತ್ ಯಂತ್ರಗಳನ್ನು ತಯಾರಿಸುತ್ತಿದ್ದ ಮೈಸೂರು ಕಿರ್ಲೋಸ್ಕರ್ ಈ ಶತಮಾನದ ಮೊದಲ ವರ್ಷಗಳಲ್ಲಿ ಬಾಗಿಲು ಹಾಕಿತು. ಹಾಗಿದ್ದೂ ಅಲ್ಲಿಯ ಕಾರ್ಮಿಕರು ಬಾಕಿ ಹಣ ಕೇಳಲು ಕೋರ್ಟಿನ ಮೆಟ್ಟಿಲು ಹತ್ತಬಹುದಿತ್ತು, ಏಕೆಂದರೆ ಅವರು ಕಾನೂನಿನ ಕಣ್ಣಿನಲ್ಲಿ ಕಾರ್ಮಿಕರು.

ಮಾಸ್ತರರು ಮತ್ತು ಅಕ್ಕೋರ ಸ್ಥಿತಿ ಬೇರೆ. ಎ. ಸುಂದರಾಂಬಾಳ್ ಪ್ರಕರಣದಲ್ಲಿ 1988ರಲ್ಲಿ ಸುಪ್ರೀಂ ಕೋರ್ಟು, ಶಿಕ್ಷಕರು ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ಕಾರ್ಮಿಕರಲ್ಲ ಎಂದು ತೀರ್ಪು ಕೊಟ್ಟಿತು. ಅವರು ಮಾಡುವುದು ಉದಾತ್ತವಾದ ಕೆಲಸ, ಅದನ್ನು ಕೂಲಿ ಅಥವಾ ಗುಮಾಸ್ತಿಕೆ ಎನ್ನಲಾಗದು ಎಂಬುದು ಅದರ ತರ್ಕ. 1996ರಲ್ಲಿ ಹರಿಯಾಣದ ಒಂದು ಪ್ರಕರಣದಲ್ಲಿ ಕನಿಷ್ಠ ವೇತನ ಕಾಯ್ದೆಯೂ ಅವರಿಗೆ ಅನ್ವಯಿಸದು ಎಂದಾಯಿತು. ಗೌರವ ಹೆಚ್ಚಾದಷ್ಟೂ ರಕ್ಷಣೆ ಕಡಿಮೆಯಾಗುವ ವಿಚಿತ್ರ ಇದು. ಗ್ರಾಚ್ಯುಟಿಯ ವಿಷಯದಲ್ಲಿ ಈ ಅನ್ಯಾಯ ಸರಿಹೋಯಿತು. 2004ರಲ್ಲಿ ಶಿಕ್ಷಕರಿಗೆ ಅದಿಲ್ಲ ಎಂದು ತೀರ್ಪು ಬಂದಾಗ ಸಂಸತ್ತು 2009ರಲ್ಲಿ ತಿದ್ದುಪಡಿ ತಂದು, 1997ರ ಏಪ್ರಿಲ್ 3ರಿಂದ ಪೂರ್ವಾನ್ವಯವಾಗಿ ಶಿಕ್ಷಕರನ್ನೂ ಸೇರಿಸಿತು. ಖಾಸಗಿ ಶಾಲೆಗಳು ಅದನ್ನು ಪ್ರಶ್ನಿಸಿದವು. ಆಗಸ್ಟ್ 2022ರಲ್ಲಿ ಸುಪ್ರೀಂ ಕೋರ್ಟು ತಿದ್ದುಪಡಿಯನ್ನು ಎತ್ತಿಹಿಡಿಯಿತು. ಆ ಕಾಯ್ದೆ ಈಗ 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಈ ಸಭೆಯಲ್ಲಿರುವ ಎಷ್ಟು ಜನ ಶಿಕ್ಷಕಿಯರಿಗೆ ತಮಗೆ ಗ್ರಾಚ್ಯುಟಿ ಹಕ್ಕಿದೆ ಎಂಬುದು ಗೊತ್ತಿದೆಯೋ ನಾನು ಕೇಳುವುದಿಲ್ಲ, ಕೈ ಎತ್ತಲು ಮುಜುಗರವಾದೀತು.

ಸರ್ಕಾರಿ ಶಿಕ್ಷಕರ ಮಾತು ಬಂದರೆ ಚಿತ್ರ ಇನ್ನೊಂದು ಬಗೆಯದು. ಏಳನೆಯ ವೇತನ ಆಯೋಗದ ಶಿಫಾರಸಿನಂತೆ 2024ರ ಆಗಸ್ಟ್ 1ರಿಂದ ರಾಜ್ಯ ಸರ್ಕಾರಿ ನೌಕರರ ಕನಿಷ್ಠ ಮೂಲವೇತನ 17,000 ರೂ.ಗಳಿಂದ 27,000 ರೂ.ಗಳಿಗೆ ಏರಿತು. ಇದು ಅತ್ಯಂತ ಕೆಳದರ್ಜೆಯ ನೌಕರನ ಮೂಲವೇತನ, ಶಿಕ್ಷಕರದು ಇದಕ್ಕಿಂತ ಮೇಲೆ. ಆದರೆ 2006ರ ಏಪ್ರಿಲ್ 1ರ ನಂತರ ಸೇರಿದವರಿಗೆ ಹಳೆಯ ನಿಶ್ಚಿತ ಪಿಂಚಣಿ ಇಲ್ಲ. ಪಾಠದ ಹೊರಗಿನ ಕೆಲಸವೂ ಅವರ ಹೆಗಲ ಮೇಲೆ ಬೀಳುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ 27ನೆಯ ಕಲಮು ಜನಗಣತಿ, ಚುನಾವಣೆ ಮತ್ತು ವಿಪತ್ತು ಪರಿಹಾರ ಬಿಟ್ಟು ಬೇರೆ ಕೆಲಸಕ್ಕೆ ಹಚ್ಚಬಾರದು ಎನ್ನುತ್ತದೆ. ಆದರೂ 2025ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ರಾಜ್ಯದ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರೇ ಮನೆ ಮನೆ ಅಲೆದರು, ದಸರಾ ರಜೆಯನ್ನೇ ಮುಂದಕ್ಕೆ ಎಳೆಯಬೇಕಾಯಿತು.

ಅದೇ ಸರ್ಕಾರಿ ಶಾಲೆಯಲ್ಲಿ ಪಕ್ಕದ ಕುರ್ಚಿಯಲ್ಲಿ ಕುಳಿತ ಅತಿಥಿ ಶಿಕ್ಷಕಿಯನ್ನು ನೋಡಿರಿ. ಪ್ರಾಥಮಿಕ ಶಾಲೆಯಲ್ಲಿ ಆಕೆಯ ಗೌರವಧನ 10,000 ರೂ. ಇತ್ತು, 2025-26ರ ಬಜೆಟ್ಟಿನಲ್ಲಿ 2,000 ರೂ. ಹೆಚ್ಚಿಸಲಾಯಿತು. ಅದೇ ವರ್ಷ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 370 ರೂ. ಇತ್ತು. 26 ದಿನಕ್ಕೆ ಗುಣಿಸಿದರೆ 9,620 ರೂ. ಆಗುತ್ತದೆ. ಪದವಿ ಮೂರು ವರ್ಷ, ಆಮೇಲೆ 2015ರಿಂದ ಎರಡು ವರ್ಷದ್ದಾಗಿರುವ ಬಿ.ಎಡ್., ಅದರ ಮೇಲೆ ಟಿ.ಇ.ಟಿ. ಪರೀಕ್ಷೆ. ಇಷ್ಟಕ್ಕೆಲ್ಲ ಸಿಕ್ಕ ಬೆಲೆ ತಿಂಗಳಿಗೆ ಎರಡು ಸಾವಿರ ಚಿಲ್ಲರೆ. ಎರಡು ವರ್ಷದ ಐ.ಟಿ.ಐ. ಮಾಡಿದ ತಮ್ಮ ಅಕ್ಕನಿಗಿಂತ ಹೆಚ್ಚು ದುಡಿಯುವ ಮನೆಗಳು ನಮ್ಮಲ್ಲಿವೆ. ರಾಣೆಬೆನ್ನೂರಿನ ಬೀಜದ ಕಂಪನಿಗಳಿಗೆ ಬಿ.ಎಸ್‌ಸಿ. ಹುಡುಗರು ಹೋಗುತ್ತಿದ್ದರೆ ಅವರನ್ನು ದೂರುವಂತಿಲ್ಲ. ಅಲ್ಲಿ ಬಿಸಿಲಿದೆ, ಟಾರ್ಗೆಟ್ ಇದೆ, ಆದರೆ ಬೈಕಿನ ಪೆಟ್ರೋಲಿಗೆ ಲೆಕ್ಕ ಕೇಳಿ ಹಣ ಕೊಡುತ್ತಾರೆ. ನಲವತ್ತು ಮಕ್ಕಳ ನೋಟ್‌ಬುಕ್ಕಿಗೆ ತಲಾ ಮೂರು ನಿಮಿಷವೆಂದರೆ ಎರಡು ಗಂಟೆಯಾಯಿತು. ರಾತ್ರಿ ಅಡುಗೆ ಮುಗಿಸಿ ಆ ಎರಡು ಗಂಟೆ ಕುಳಿತುಕೊಳ್ಳುವ ಶಿಕ್ಷಕಿಗೆ ಯಾವ ಓವರ್‌ಟೈಮ್ ಇದೆ?

ಈಗ ನಮ್ಮಂಥ ಸಂಸ್ಥೆಗಳ ಅನುದಾನರಹಿತ ಶಾಲೆಗಳಿಗೆ ಬರುತ್ತೇನೆ. ಕೊರೊನಾ ಕಾಲದಲ್ಲಿ ಇಂತಹ ಶಾಲೆಗಳ ಶಿಕ್ಷಕರು ತರಕಾರಿ ಮಾರಿದ್ದನ್ನು ರಾಜ್ಯವೇ ನೋಡಿತು. 2021ರಲ್ಲಿ ಸರ್ಕಾರ ಕೊಟ್ಟ ಪರಿಹಾರ ಒಂದು ಸಲಕ್ಕೆ 5,000 ರೂ. ಮಾತ್ರ. "ಹೆಣ್ಣುಮಕ್ಕಳಿಗೆ ಶಾಲೆ ಕೆಲಸ ಒಳ್ಳೇದು, ಮನೆ ಹತ್ತಿರ, ಮರ್ಯಾದೆ ಇದೆ" ಎಂದು ನಾವು ಹೇಳುತ್ತೇವೆ. ಈ ಮಾತು ಪಗಾರ ಕಡಿಮೆ ಕೊಡುವುದಕ್ಕೆ ನೆಪವಾಗಿರುವುದನ್ನು ನಾನು ಬಹಳ ಕಡೆ ಕಂಡಿದ್ದೇನೆ. ಮರ್ಯಾದೆಯನ್ನು ಕಿರಾಣಿ ಅಂಗಡಿಯವನು ತೆಗೆದುಕೊಳ್ಳುವುದಿಲ್ಲ.

ಸಂಸ್ಥೆಗೂ ಕಷ್ಟವಿದೆ, ಫೀ ಏರಿಸಿದರೆ ಬಡ ಪಾಲಕರು ಮಕ್ಕಳನ್ನು ಬಿಡಿಸುತ್ತಾರೆ ಎಂದು ಆಡಳಿತದವರು ಹೇಳುತ್ತಾರೆ. ಅದು ಸುಳ್ಳಲ್ಲ. ಹಾಗಾಗಿ ಒಂದು ಶಾಲೆಯನ್ನು ಊಹಿಸಿಕೊಂಡು ಲೆಕ್ಕ ಹಾಕಿದ್ದೇನೆ. 500 ಮಕ್ಕಳು, 20 ಶಿಕ್ಷಕರು, ಪಗಾರ 12,000 ರೂ. ಇಪ್ಪತ್ತು ಜನರಿದ್ದರೆ ಭವಿಷ್ಯನಿಧಿ ಕಡ್ಡಾಯ. ಸಂಸ್ಥೆಯ ಪಾಲು ಶೇ. 12, ಅಂದರೆ ಒಬ್ಬರಿಗೆ 1,440 ರೂ., ಎಲ್ಲರಿಗೆ 28,800 ರೂ. ಸಣ್ಣ ಆಡಳಿತ ಶುಲ್ಕ ಬೇರೆ. ಗ್ರಾಚ್ಯುಟಿ ವರ್ಷಕ್ಕೆ 15 ದಿನದ ಪಗಾರ. 12,000ವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ 6,923 ರೂ., ತಿಂಗಳಿಗೆ ಸುಮಾರು 577, ಇಪ್ಪತ್ತು ಜನಕ್ಕೆ 11,540 ರೂ. ಎರಡೂ ಸೇರಿ 40,340 ರೂ. ಮಗುವಿಗೆ ತಿಂಗಳಿಗೆ 81 ರೂ. ಆಯಿತು. ಬೇಸಿಗೆಯ ಎರಡು ತಿಂಗಳ ಪಗಾರ ತಪ್ಪಿಸುವ ರೂಢಿ ಹಲವು ಕಡೆ ಇದೆ. ಅದನ್ನೂ ಕೊಡಲು ವರ್ಷಕ್ಕೆ 4,80,000 ರೂ. ಬೇಕು, ಮಗುವಿಗೆ ತಿಂಗಳಿಗೆ 80 ರೂ. ಒಟ್ಟು 161 ರೂ.

ಈ ಹಣವನ್ನೆಲ್ಲ ಪಾಲಕರೇ ಕೊಡಬೇಕೆಂದಿಲ್ಲ. ಅರ್ಧವನ್ನು ದಾನಿಗಳು ಹೊರಬಹುದು. ನಮ್ಮ ದಾನಿಗಳಿಗೆ ಕಟ್ಟಡದ ಮೇಲೆ ಬಹಳ ಪ್ರೀತಿ, ಏಕೆಂದರೆ ಕಟ್ಟಡಕ್ಕೆ ಹೆಸರಿನ ಕಲ್ಲು ಕೂಡುತ್ತದೆ. ಭವಿಷ್ಯನಿಧಿಯ ಚಲನ್ ಮೇಲೆ ಕಲ್ಲು ಕೂಡಿಸಲು ಬರುವುದಿಲ್ಲ. ಈ ವೇದಿಕೆಯ ಮೇಲೆ ನಮಗೆಲ್ಲ ಹೊದಿಸಿದ ಶಾಲುಗಳನ್ನೂ ಲೆಕ್ಕಕ್ಕೆ ಹಿಡಿಯಬಹುದು. ನನಗೆ ಹೊದಿಸಿದ್ದನ್ನು ನಾನು ಖಜಾಂಚಿಯವರಿಗೆ ವಾಪಸು ಕೊಡುತ್ತೇನೆ.

ಶಿಕ್ಷಕಿಯರಿಗೆ ನನ್ನದೊಂದು ಸಲಹೆ: ನೇಮಕಾತಿ ಪತ್ರ ಕೇಳಿರಿ. ಪಗಾರ ನಗದಾಗಿ ಬೇಡ, ಬ್ಯಾಂಕಿಗೆ ಹಾಕಿಸಿಕೊಳ್ಳಿರಿ. ಪಡೆದದ್ದಕ್ಕಿಂತ ಹೆಚ್ಚಿನ ಮೊತ್ತಕ್ಕೆ ಸಹಿ ಮಾಡುವ ಕಾಲ ಎಲ್ಲಿಯಾದರೂ ಉಳಿದಿದ್ದರೆ ಅದು ಈ ವರ್ಷಕ್ಕೆ ಮುಗಿಯಲಿ. ಆಡಳಿತ ಮಂಡಳಿಯವರಲ್ಲಿ ನನ್ನ ವಿನಂತಿ, ಮುಂದಿನ ಸರ್ವಸಾಧಾರಣ ಸಭೆಯ ಅಜೆಂಡಾದಲ್ಲಿ ಕಟ್ಟಡದ ವಿಷಯಕ್ಕಿಂತ ಮೊದಲು ಈ 161 ರೂ.ಗಳ ವಿಷಯ ಬರಲಿ. ನನ್ನ ಲೆಕ್ಕದ ಹಾಳೆಯನ್ನು ಕಾರ್ಯದರ್ಶಿಯವರಿಗೆ ಕೊಟ್ಟಿದ್ದೇನೆ. ನಿಮ್ಮ ಶಾಲೆಯ ಅಂಕಿಗಳನ್ನು ಹಾಕಿ ಅದನ್ನು ತಿದ್ದಿಕೊಳ್ಳಬಹುದು.